ಬಾಗಿಲ ಬುಡಕ್ಕೆ ವರ್ಷವಿಡೀ ಆಗುಂಬೆ

ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ನಿಮ್ಮನೆ ಮುಂಬಾಗಿಲಿನ ನೆತ್ತಿ ಯಾವತ್ತಾದ್ರೂ ನೋಡಿದ್ದೀರಾ? ತೋರಣ ಕಟ್ಟೋ ಜಾಗ ಅಲ್ಲ ಸ್ವಾಮಿ, ಬಾಗಿಲಿನದೇ ನೆತ್ತಿ. ಮುಚ್ಚಿದಾಗ ಚೌಕಟ್ಟಿನೊಳಗೆ ಅಡಗಿ ಕೂರುತ್ತಲ್ಲ, ಎರಡು ಬೆರಳಗಲದ ಮೇಲಂಚು, ಅದು. ಸ್ಟೂಲ್ ಎಳ್ಕೊಂಡು ಹತ್ತಿ, ಬಾಗಿಲು ತೆಗೆದು ಒಂದ್ಸಲ ಬೆರಳಾಡಿಸಿ. (ಯಾರಾದ್ರೂ ಸ್ಟೂಲ್ ಹಿಡ್ಕೊಳ್ಳಲಿ. ಆಮೇಲೆ ನನ್ನ ಮೇಲೆ ಹಾಕ್ಬೇಡಿ.)

ಏನು ಸಿಕ್ತು? ಮೊದಲು ಧೂಳು. ಆಮೇಲೆ ಒಂದು ಸತ್ತ ಕಣಜ. ಅದರ ಕೆಳಗೆ ಬೋಳು ಮರ. ಪಾಲಿಶೂ ಇಲ್ಲ, ಪೇಂಟೂ ಇಲ್ಲ, ಹೋಗ್ಲಿ ಅಂದ್ರೆ ಪ್ರೈಮರೂ ಇಲ್ಲ. ಕೆಳಗಿನ ಅಂಚಿನದೂ ಅದೇ ಗತಿ, ಅದನ್ನ ನೋಡೋಕೆ ನೆಲಕ್ಕೆ ಕೆನ್ನೆ ಕೊಡ್ಬೇಕು ಅಷ್ಟೆ. ಮುಂದೆ ಮಾತ್ರ ಗಜಲಕ್ಷ್ಮಿ ಕೆತ್ತನೆ, ಮುಖ ನೋಡ್ಕೊಂಡು ತಲೆ ಬಾಚಬಹುದು, ಅಂಥ ಹೊಳಪು!

ಗೊತ್ತು ಬಿಡಿ. ಆ ಬಾಗಿಲು ಮಾಡಿಸಿದ್ದು ಯಾರಿಗೋಸ್ಕರ? ಗೃಹಪ್ರವೇಶಕ್ಕೆ ಬರೋ ಬೀಗರಿಗೋಸ್ಕರ. ಬೀಗರು ಸ್ಟೂಲ್ ಹತ್ತಲ್ಲ, ನೆಲಕ್ಕೆ ಕೆನ್ನೆ ಕೊಡಲ್ಲ. ಇದು ನಿಮಗೂ ಗೊತ್ತು, ನಿಮಗಿಂತ ಚೆನ್ನಾಗಿ ನಿಮ್ಮ ಪೇಂಟರಿಗೂ ಗೊತ್ತು. ಕಾಣೋ ಕಡೆ ಮೂರು ಕೋಟು, ಕಾಣದ ಕಡೆ ಗೋವಿಂದ.

ಎಡವಟ್ಟು ಏನಪ್ಪಾ ಅಂದ್ರೆ, ನೀರಿಗೆ ಈ ಬೀಗರ ಮರ್ಯಾದೆ ಗೊತ್ತಿಲ್ಲ. ಮರದೊಳಗೆ ಉದ್ದಕ್ಕೂ ಸಣ್ಣ ಸಣ್ಣ ಕೊಳವೆಗಳಿರ್ತಾವೆ. ಮರ ಬದುಕಿದ್ದಾಗ ಬೇರಿಂದ ಎಲೆ ತನಕ ನೀರು ಹತ್ತಿಸಿದ್ದು ಅವೇ. ಕೊಯ್ದ ಮೇಲೆ ಆ ಕೊಳವೆಗಳು ಬಾಯಿ ಬಿಟ್ಕೊಂಡಿರೋದು ಹಲಗೆಯ ತುದೀಲಿ. ಮೈಯಿಂದ ಇಳಿಯೋದಕ್ಕಿಂತ ಹಲವು ಪಟ್ಟು ಬೇಗ ನೀರು ತುದಿಯಿಂದ ಒಳಗೆ ಹೋಗುತ್ತೆ. ನೀವು ಮೈಗೆ ಮೂರು ಕೋಟು ಬಳಿಸಿ ಬಾಯಿ ತೆರೆದೇ ಬಿಟ್ಟಿದ್ದೀರಿ!

ಈಗ ನೀವು ಹೇಳೋ ಮಾತು ನಾನೇ ಹೇಳ್ತೀನಿ, ಬಾಯಿ ನೋಯಿಸ್ಕೋಬೇಡಿ. “ಅಯ್ಯೋ, ನಮ್ ಕಡೆ ಮಳೇನೇ ಇಲ್ವಲ್ಲ ಸಾರ್!” ಮಧುಗಿರಿಯಲ್ಲಿ ಕೇಳಿ, ಶಿರಾದಲ್ಲಿ ಕೇಳಿ, ಪಾವಗಡದಲ್ಲಂತೂ ಕೇಳೋದೇ ಬೇಡ, ಅವರೇ ಕರೆದು ಹೇಳ್ತಾರೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬಿದ್ರೆ ನಮಗದು ಒಳ್ಳೇ ವರ್ಷ. ಆಗುಂಬೆಯಲ್ಲಿ 7000 ದಾಟುತ್ತೆ. ಮರಕ್ಕೆ ಎಣ್ಣೆ-ಗಿಣ್ಣೆ ಅಂತ ಒದ್ದಾಡೋದು ಆ ಮಲೆನಾಡಿನವರ ಹಣೆಬರಹ, ನಮಗ್ಯಾಕೆ? ಅಲ್ವಾ?

ಸರಿ. ಪಾವಗಡದ ತಿರುಮಣಿ ಕಡೆ ಹೋಗಿದ್ದೀರಾ? ಕಣ್ಣು ಹಾಯೋ ತನಕ ಸೋಲಾರ್ ಪ್ಯಾನೆಲ್. ಸುಮಾರು 13000 ಎಕರೆ, 2050 ಮೆಗಾವ್ಯಾಟ್, 2018ರಲ್ಲಿ ಉದ್ಘಾಟನೆ ಆಗಿದ್ದು. ಸರ್ಕಾರ ಅಷ್ಟು ದೂರ ಹುಡುಕ್ಕೊಂಡು ಬಂದಿದ್ದು ನಮ್ಮ ಮುದ್ದೆ-ಬಸ್ಸಾರಿಗಲ್ಲ ಕಣ್ರೀ, ಬಿಸಿಲಿಗೆ. ಆ ಬಿಸಿಲು ‘ನಾನು ಪ್ಯಾನೆಲ್ ಮೇಲೆ ಮಾತ್ರ ಬೀಳ್ತೀನಿ, ನಿಮ್ಮ ಕಿಟಕಿ ಬಾಗಿಲು ಮುಟ್ಟಲ್ಲ’ ಅಂತ ನಿಮಗೇನಾದ್ರೂ ಅಗ್ರಿಮೆಂಟ್ ಬರ್ಕೊಟ್ಟಿದೆಯಾ?

ನಮ್ಮ ಸೀಮೆಯಲ್ಲಿ ಮರದ ಮೊದಲನೇ ಶತ್ರು ಬಿಸಿಲು. ಮರದ ನಾರುಗಳನ್ನ ಹಿಡಿದಿಡೋ ಲಿಗ್ನಿನ್ ಅನ್ನೋ ಅಂಟು ಇದೆ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಅದನ್ನ ಒಡೆಯುತ್ತೆ. ಒಡೆದಿದ್ದನ್ನ ಮುಂದಿನ ಮಳೆ ತೊಳ್ಕೊಂಡು ಹೋಗುತ್ತೆ, ಉಳಿಯೋದು ಬೂದು ಬಣ್ಣದ ನಾರು. ಗೇಟಿನ ಪಕ್ಕ ತಾತನ ಕಾಲದ ಬೆಂಚು ಬೂದಿ ಬಳ್ಕೊಂಡು ಕೂತಿದೆಯಲ್ಲ, ಅದಕ್ಕೆ ವಯಸ್ಸಾಗಿದೆ ಅಂದ್ಕೊಂಡಿದ್ರಿ. ವಯಸ್ಸಲ್ಲ, ಬಿಸಿಲು ಹೊಡೆದಿರೋದು.

ಇಲ್ಲೇ ನಿಮ್ಮ ಇನ್ನೊಂದು ಹಟ ನೆನಪಾಯ್ತು. “ಕ್ಲಿಯರ್ ವಾರ್ನಿಶ್ಶೇ ಬೇಕು, ಗ್ರೈನ್ಸ್ ಕಾಣ್ಬೇಕು.” ಕಾಣಲಿ. ಆದರೆ ಗ್ರೈನ್ಸ್ ನಿಮಗೆ ಕಾಣುತ್ತೆ ಅಂದ್ರೆ ಬಿಸಿಲಿಗೂ ಕಾಣುತ್ತೆ! ಬೆಳಕು ಪದರ ತೂರಿ ಮರಕ್ಕೇ ಬೀಳುತ್ತೆ, ಕೆಳಗಿನ ಮರ ಸಡಿಲ ಆಗುತ್ತೆ, ಮೇಲಿನ ವಾರ್ನಿಶ್ ಹಿಡಿತ ಕಳ್ಕೊಂಡು ಹಪ್ಪಳ ಏಳುತ್ತೆ. ಪಡುವಣ ದಿಕ್ಕಿನ ಬಾಗಿಲಿಗಂತೂ ಇದು ಗ್ಯಾರಂಟಿ ಸ್ಕೀಮು.

ಅಜ್ಜಿ ಮನೆ ಕಿಟಕಿಗೆ ಹಸಿರು ಎನಾಮಲ್ ಹೊಡೆದಿದ್ರು ಅಂತ ನಗ್ತಿದ್ರಲ್ಲ? ಆ ಎನಾಮಲ್ ಒಳಗಿನ ಹಸಿರು ಪುಡಿಯೇ ಬಿಸಿಲು ತಡೀತಿತ್ತು. ಬಣ್ಣ ಇದ್ದಷ್ಟೂ ನೆರಳು. ಅಷ್ಟು ಗಾಢ ಬೇಡ ಅಂದ್ರೆ ಕಂದು ಛಾಯೆ ಇರೋ ಎಕ್ಸ್‌ಟೀರಿಯರ್ ವುಡ್ ಸ್ಟೇನ್ ಸಿಗುತ್ತೆ. ಗ್ರೈನ್ಸೂ ಕಾಣುತ್ತೆ, ಮರವೂ ಉಳಿಯುತ್ತೆ. (ಆದರೆ ಪಕ್ಕದ ಮನೆಯವರದಕ್ಕಿಂತ ಒಂದು ಚೂರು ಕಮ್ಮಿ ಹೊಳೆಯುತ್ತೆ. ತಡ್ಕೊಳ್ತೀರಾ?)

ಇನ್ನು ಮಳೆ ವಿಷ್ಯ. ಮಳೆ ಇಲ್ಲ ಅಂದ್ರಲ್ಲ, ಬೆಳಿಗ್ಗೆ ಆರಕ್ಕೆ ನಿಮ್ಮನೆ ಬಾಗಿಲಲ್ಲಿ ಏನು ನಡೆಯುತ್ತೆ ಹೇಳಿ ನೋಡೋಣ. ಮೊದಲು ಅಂಗಳಕ್ಕೆ ಒಂದು ಬಕೆಟ್ ನೀರು, ರಪ್ ಅಂತ. ಆಮೇಲೆ ಹೊಸ್ತಿಲಿಗೆ ಒಂದು ಚೊಂಬು. ಅರಿಶಿನ, ಕುಂಕುಮ, ರಂಗೋಲಿ. ಶುಕ್ರವಾರ ಆದ್ರೆ ಇನ್ನೊಂದು ಬಕೆಟ್. ಹಬ್ಬ ಬಂದ್ರೆ ಪೈಪೇ ಹಿಡೀತೀರಿ, ಚೌಕಟ್ಟು, ಬಾಗಿಲು, ಗಜಲಕ್ಷ್ಮಿ ಎಲ್ಲಾ ಸೇರಿ ಅಭಿಷೇಕ.

ಸಾವಿರ ಅಡಿ ಬೋರ್ ಕೊರೆಸಿ, ಅದೂ ಬತ್ತಿದ್ರೆ ಟ್ಯಾಂಕರ್ ತರಿಸಿ, ಆಕಾಶ ಕೊಡದ ಮಳೆಯನ್ನ ನೀವೇ ಕೈಯಾರೆ ಸುರೀತೀರಿ. ಊರಿಗೆಲ್ಲ ಬರ, ನಿಮ್ಮ ಬಾಗಿಲ ಬುಡಕ್ಕೆ ಮಾತ್ರ ವರ್ಷವಿಡೀ ಆಗುಂಬೆ! ಕೊಳೆಸೋ ಶಿಲೀಂಧ್ರಕ್ಕೆ ಮರದಲ್ಲಿ 20 ಪರ್ಸೆಂಟಿಗಿಂತ ಜಾಸ್ತಿ ತೇವ ಬೇಕು. ನಮ್ಮ ಒಣಹವೆಯಲ್ಲಿ ಅದಕ್ಕೆ ಎಲ್ಲೂ ಜಾಗ ಸಿಗಬಾರದು. ಪಾಪ, ನೀವು ಕರೆದು ಕೂರಿಸಿದ್ದೀರಿ.

ಹೊಸ್ತಿಲ ಪೂಜೆ ಬಿಡಿ ಅಂತ ನಾನು ಹೇಳ್ತಿಲ್ಲ ತಾಯಿ. (ಹೇಳಿ ಉಳಿಯೋಕಾಗುತ್ತಾ?) ನೀರು ಹಾಕಿದ ಮೇಲೆ ಒಂದು ಒಣ ಬಟ್ಟೆ ತಗೊಂಡು ಚೌಕಟ್ಟಿನ ಕಾಲು, ಬಾಗಿಲಿನ ಕೆಳಗಡೆ ಒಂದಡಿ ಒರೆಸಿಬಿಡಿ ಅಂತೀನಿ, ಅಷ್ಟೆ. ನಿಮ್ಮ ಯಜಮಾನರಿಗೆ ಹೇಳಿ, ಪೇಪರ್ ಓದ್ತಾ ಅಲ್ಲೇ ಕೂತಿರ್ತಾರಲ್ಲ.

ಹಾಗೇ ಅವರ ಕೈಗೊಂದು ಸ್ಕ್ರೂಡ್ರೈವರ್ ಕೊಡಿ. ಚೌಕಟ್ಟು ನೆಲಕ್ಕೆ ಕೂರೋ ಜಾಗದಲ್ಲಿ ಮೆಲ್ಲಗೆ ಚುಚ್ಚಲಿ. ಟಣ್ ಅಂದ್ರೆ ನೀವು ಪುಣ್ಯವಂತರು. ಸದ್ದೇ ಇಲ್ಲದೆ ಒಳಗೆ ಇಳಿದ್ರೆ ಪೇಪರ್ ಮಡಚಿಟ್ಟು ಬಡಗಿಗೆ ಫೋನ್ ಮಾಡ್ಲಿ. ಮೇಲೆ ಎಷ್ಟು ಪಾಲಿಶ್ ಹೊಡೆದ್ರೂ ಅಲ್ಲಿ ಉಳಿದಿರೋದು ಪಾಲಿಶ್ ಮಾತ್ರ.

ಬಡಗಿ ಅಂದ ಕೂಡಲೇ ನೆನಪಾಯ್ತು. ಶ್ರಾವಣದಲ್ಲಿ ಬಾಗಿಲು ಕಚ್ಕೊಳ್ಳುತ್ತೆ. ಭುಜ ಕೊಟ್ಟು ತಳ್ತೀರಿ, ಕಾಲಲ್ಲಿ ಒದೀತೀರಿ, ಕೊನೆಗೆ ಬಡಗಿ ಬಂದು ಉಜ್ಜುಗೊರಡು ಹಾಕಿ ಸರಸರ ಕೆತ್ತಿ ಹೋಗ್ತಾನೆ. ಆಹಾ, ಎಷ್ಟು ಸಲೀಸು! ಫಾಲ್ಗುಣ ಬರುತ್ತೆ, ಮರ ಒಣಗಿ ಕುಗ್ಗುತ್ತೆ, ಆ ಸಂದೀಲಿ ಸೊಳ್ಳೆ ಏನು, ಹಲ್ಲಿ ಸಂಸಾರ ಸಮೇತ ಬರುತ್ತೆ.

ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗಲ್ಲ, ಅಗಲಕ್ಕೆ ಉಬ್ಬುತ್ತೆ, ಕುಗ್ಗುತ್ತೆ. ತೇವ ಕುಡಿದಾಗ ಉಬ್ಬಿದ್ದು ಒಣಗಿದಾಗ ಇಳಿಯುತ್ತೆ. ನೀವು ಉಬ್ಬಿದ ಕಾಲದಲ್ಲಿ ಅಳತೆ ತಗೊಂಡು ಕೆತ್ತಿಸಿದ್ರಿ. ಅದಕ್ಕಿಂತ ಮಜಾ ಕೇಳಿ, ಕೆತ್ತಿದ ಅಂಚಿಗೆ ಇದ್ದ ಚೂರುಪಾರು ಪಾಲಿಶೂ ಹೋಯ್ತು, ಯಾರೂ ಮತ್ತೆ ಬಳಿಯಲಿಲ್ಲ. ಮುಂದಿನ ಶ್ರಾವಣಕ್ಕೆ ಅದು ಇನ್ನೂ ಜಾಸ್ತಿ ಕುಡಿಯುತ್ತೆ. ಮತ್ತೆ ಬಡಗಿ, ಮತ್ತೆ ಉಜ್ಜುಗೊರಡು. ಅವನ ಮಗಳ ಸ್ಕೂಲ್ ಫೀಸು ನೀವೇ ಕಟ್ತಿರೋ ಹಾಗಿದೆ!

ಗೆದ್ದಲು ಬಗ್ಗೆ ಮಾತಾಡೋಣ್ವಾ? ಮಾತಾಡ್ಲೇಬೇಕು. ಶಿರಾ ಕಡೆ ಹೊಲದ ಬದುವಿನಲ್ಲಿ, ಮಧುಗಿರಿ ಕಡೆ ಹುಣಸೆಮರದ ಬುಡದಲ್ಲಿ, ಎಲ್ಲಿ ನೋಡಿದ್ರೂ ಹುತ್ತ. ನಾಗರಪಂಚಮಿಗೆ ಹುತ್ತಕ್ಕೆ ಹಾಲು, ಮಾರನೇ ದಿನ ಚೌಕಟ್ಟಿಗೆ ಸೀಮೆಎಣ್ಣೆ. ಹುತ್ತ ಕಟ್ಟಿದವರೂ ಅವರೇ, ಚೌಕಟ್ಟು ತಿಂದವರೂ ಅವರೇ ಅನ್ನೋದು ನಿಮ್ಮ ಗಮನಕ್ಕೆ ಬಂದಿದೆಯಾ?

ಅವರ ಜೊತೆ ನಿಮ್ಮ ಸಂಬಂಧ ಹಳೇದು ಬಿಡಿ. ಮಳೆ ಬಿದ್ದ ಮೇಲೆ ಹುತ್ತದ ಮೇಲೇಳೋ ಅಣಬೆ ಅವರು ಒಳಗೆ ಸಾಕಿದ ಶಿಲೀಂಧ್ರದ್ದೇ. ಅದರ ಸಾರು ಕುಡಿದು ಬೆರಳು ಚೀಪಿದ್ದೀರಿ. ಮೊದಲ ಮಳೆ ಸಂಜೆ ಬಲ್ಬಿಗೆ ಮುತ್ತೋ ಈಸಲು ಹುಳ ರೆಕ್ಕೆ ಬಂದ ಗೆದ್ದಲೇ. ಹಿಡಿದು ಹುರಿದು ಪುರಿ ಜೊತೆ ತಿಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. (ತಲೆ ಅಲ್ಲಾಡಿಸ್ಬೇಡಿ, ನಿಮ್ಮ ತಾತನ್ನ ಕೇಳಿ.) ಅವರು ನಿಮ್ಮ ಬಾಗಿಲು ತಿಂದ್ರು, ನೀವು ಅವರನ್ನ ತಿಂದ್ರಿ. ಲೆಕ್ಕ ಚುಕ್ತಾ ಅಂದ್ಕೊಂಡ್ರಾ?

ಗೆದ್ದಲಿಗೆ ಬೆಳಕು ಆಗಲ್ಲ, ಒಣಗಾಳಿ ಆಗಲ್ಲ. ಅದಕ್ಕೇ ಮಣ್ಣಿನ ಸುರಂಗ ಕಟ್ಕೊಂಡು ನೆಲದಿಂದ ಮರಕ್ಕೆ ಏರೋದು. ಗೋಡೆ ಮೇಲೆ ಆ ಮಣ್ಣಿನ ಗೆರೆ ಕಂಡಾಗ ನೀವೇನು ಮಾಡ್ತೀರಿ? ಪೊರಕೆ ತಗೊಂಡು ಕೆರೆದು, ‘ಹೋಯ್ತು’ ಅಂತ ಕೈ ಕೊಡವ್ತೀರಿ. ಅಳಿಸಿದ್ದು ದಾರಿ ಸ್ವಾಮಿ, ಊರಲ್ಲ. ಊರು ಮಣ್ಣೊಳಗಿದೆ. ಮನೆ ಸುತ್ತ ಮಣ್ಣಿಗೇ ಮದ್ದು ಹಾಕಿಸ್ಬೇಕು, ಅದೂ ಬಲ್ಲವರ ಕೈಲಿ, ಬಾವಿ-ಸಂಪು ದೂರ ಇಟ್ಟು. ಗೊಬ್ಬರದಂಗಡಿಯಿಂದ ಬಾಟಲಿ ತಂದು ಅಂದಾಜಲ್ಲಿ ಸುರಿಯೋ ಧೈರ್ಯ ಬೇಡ.

ಗ್ಯಾರೇಜಿಂದ ತರೋ ವೇಸ್ಟ್ ಆಯಿಲ್ ವಿಷ್ಯನೂ ಇಲ್ಲೇ ಹೇಳಿಬಿಡ್ತೀನಿ. ಬೇಲಿ ಗೂಟಕ್ಕೆ ಬಳೀತೀರಿ, ಅದೇ ಡಬ್ಬ ಕೈಲಿದೆ ಅಂತ ಕೊಟ್ಟಿಗೆ ಬಾಗಿಲಿಗೂ, ಜಗಲಿ ಕಂಬಕ್ಕೂ ಬಳೀತೀರಿ. ಬಿಟ್ಟಿ ಸಿಕ್ಕಿದ್ರೆ ನಮ್ಮವರು ಬಿಡ್ತಾರಾ? ಇಂಜಿನ್ನಲ್ಲಿ ಬೆಂದ ಎಣ್ಣೆಯಲ್ಲಿ ಕ್ಯಾನ್ಸರ್ ತರೋ ಪದಾರ್ಥ ಇರುತ್ತೆ, ಮೊಮ್ಮಗು ಅದೇ ಕಂಬ ತಬ್ಕೊಂಡು ಕಣ್ಣಾಮುಚ್ಚಾಲೆ ಆಡುತ್ತೆ. ಆ ಡಬ್ಬ ವಾಪಸ್ ಕೊಟ್ಟು ಬನ್ನಿ.

ನಮ್ಮ ಹಿರೀಕರು ಗೆದ್ದಲಿಗೆ ಅಂತ ಡಬ್ಬ-ಬಾಟಲಿ ಹಿಡೀಲಿಲ್ಲ. ಮಧುಗಿರಿ ಬೆಟ್ಟ ನೋಡಿ, ಇಡೀ ಬೆಟ್ಟಕ್ಕೆ ಬೆಟ್ಟವೇ ಒಂದೇ ಬಂಡೆ. ಕಲ್ಲಿಗೇನು ಬಡತನ? ಮಣ್ಣಿಗೆ ತಾಗೋದೆಲ್ಲ ಕಲ್ಲು ಮಾಡಿಟ್ರು. ಬೇಲಿಗೆ ಕಲ್ಲು ಕೂಚ, ಹೊಸ್ತಿಲ ಕೆಳಗೆ ಕಲ್ಲು. ಹಳೇ ತೊಟ್ಟಿಮನೆ ಕಂಬ ನೋಡಿದ್ದೀರಲ್ಲ, ಮರದ ಕಂಬ ನೆಲ ಮುಟ್ಟಲ್ಲ. ಕೆಳಗೊಂದು ಕಲ್ಲಿನ ಪೀಠ, ಮೇಲೆ ಬೋದಿಗೆ. ಸಿದ್ದರಬೆಟ್ಟದ ಸಿದ್ದೇಶ್ವರ ಅಂತೂ ಈ ಚೌಕಟ್ಟು-ಗೆದ್ದಲಿನ ರಗಳೆಯೇ ಬೇಡ ಅಂತ ನೇರ ಬಂಡೆ ಗುಹೆಯೊಳಗೇ ಕೂತುಬಿಟ್ಟ!

ಅವರ ಎರಡನೇ ಉಪಾಯ ಸೂರು. ಮೊಳದಷ್ಟು ಮುಂದಕ್ಕೆ ಚಾಚಿದ ಸೂರಿನ ಕೆಳಗೆ ಬಾಗಿಲು, ಕಿಟಕಿ, ಜಗಲಿ, ಗೋಡೆಗೆ ಒರಗಿಸಿದ ಕೂರಿಗೆ, ಕುಂಟೆ ಎಲ್ಲಾ ನೆರಳಲ್ಲಿ. ನಿಮ್ಮ ಹೊಸ ಮನೆಗೆ? ಎಲಿವೇಶನ್ ಕೆಡುತ್ತೆ ಅಂತ ಸಜ್ಜಾನೇ ಬೇಡ ಅಂದ್ರಿ. ಬೆಂಕಿಪೊಟ್ಟಣ ನಿಲ್ಲಿಸಿದ ಹಾಗೆ ಮನೆ, ಅದರ ನೆತ್ತಿಗೆ ಬಿಸಿಲು, ಕೆನ್ನೆಗೆ ಇರಚಲು. ಅದು ಸಾಲದು ಅಂತ ಮುಂದಿನ ಗೋಡೆಗೆ ಪೈನ್ ಪಟ್ಟಿ ಬೇರೆ ಹೊಡೆಸಿದ್ರಿ. (ಪೈನು! ಗೆದ್ದಲಿಗೆ ಊಟದ ಜೊತೆ ಪಾಯಸ ಬಡಿಸಿದ ಲೆಕ್ಕ.)

ಮಣ್ಣಿಗೆ ಮರ ಹೂಳಲೇಬೇಕು ಅಂದ್ರೆ ಅದಕ್ಕೂ ದಾರಿ ಇದೆ, ಮತ್ತು ಅದರಲ್ಲಿ ನೀವು ಎದೆಯುಬ್ಬಿಸೋ ವಿಷ್ಯ ಒಂದಿದೆ. ಮರದೊಳಕ್ಕೆ ಪ್ರೆಶರ್ ಹಾಕಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡಿಸೋ ಪದ್ಧತಿ ಪ್ರಪಂಚದ ತುಂಬಾ ನಡೀತು. ವಿದ್ಯುತ್ ಕಂಬದಿಂದ ಹಿಡಿದು ಅಮೆರಿಕದ ಹಿತ್ತಲ ಡೆಕ್ ತನಕ. ಅದನ್ನ ಕಂಡುಹಿಡಿದಿದ್ದು 1933ರಲ್ಲಿ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ಗೊತ್ತಿತ್ತಾ? ಇಲ್ಲ ತಾನೇ?

ಆರ್ಸೆನಿಕ್ ಇದೆ ಅನ್ನೋ ಕಾರಣಕ್ಕೆ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನ ನಿಲ್ಲಿಸಿದ್ರು. ಹಾಗಾಗಿ ಎಲ್ಲಾದ್ರೂ ಹಸಿರು ಛಾಯೆಯ ಹಳೇ ಟ್ರೀಟೆಡ್ ಕಂಬ ಸಿಕ್ರೆ ದನದ ಗೊಂತಿಗೆ ಬಳಸ್ಬೇಡಿ, ತುಂಡು ಮಾಡಿ ನೀರೊಲೆಗಂತೂ ಹಾಕಲೇಬೇಡಿ. (ನಿಮ್ಮನ್ನ ಬಲ್ಲೆ. ಉರಿಯೋದೆಲ್ಲ ನಿಮಗೆ ಸೌದೆ.)

ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರಕ್ಕೇ ಅಂತ ಒಂದು ಸಂಸ್ಥೆ ಇದೆ, ಇನ್‌ಸ್ಟಿಟ್ಯೂಟ್ ಆಫ್ ವುಡ್ ಸೈನ್ಸ್ ಅಂಡ್ ಟೆಕ್ನಾಲಜಿ. ಬೇರು 1938ರ ಮೈಸೂರು ಸಂಸ್ಥಾನದ ಕಾಲದ್ದು. ಮರ ಎಷ್ಟು ಬಾಳುತ್ತೆ ಅಂತ ಪರೀಕ್ಷೆ ಮಾಡೋರು ತುಂಡುಗಳನ್ನ ಮಣ್ಣಲ್ಲಿ ಅರ್ಧ ಹೂತು ವರ್ಷಗಟ್ಟಲೆ ಕಾಯ್ತಾರೆ, ಆಗಾಗ ಕಿತ್ತು ನೋಡ್ತಾರೆ. ಆ ಪರೀಕ್ಷೆಗೆ ಇಟ್ಟಿರೋ ಹೆಸರೇ ಗ್ರೇವ್‌ಯಾರ್ಡ್ ಟೆಸ್ಟ್. ನೀವೂ ಇದನ್ನ ಹಿತ್ತಲಲ್ಲಿ ಮಾಡ್ತಾನೇ ಇದ್ದೀರಿ, ಕಿತ್ತು ನೋಡೋದೊಂದು ಮರೆತಿದ್ದೀರಿ.

ಈಗ ಎಣ್ಣೆ. ಇಲ್ಲಿ ನಮ್ಮವರ ಜಾಣತನ ನೋಡ್ಬೇಕು. ಸಿದ್ದರಬೆಟ್ಟಕ್ಕೆ ಹೋದ್ರೆ ಮಂಡಿನೋವಿಗೆ ಬೇರು, ಕೆಮ್ಮಿಗೆ ಸೊಪ್ಪು, ಉದುರೋ ಕೂದಲಿಗೆ ಅದೇನೋ ಒಂದು ಗೆಡ್ಡೆ, ಚೀಲ ತುಂಬಾ ತುಂಬ್ಕೊಂಡು ಬರ್ತೀರಿ. ಬಾಗಿಲಿಗೆ ಮಾತ್ರ ಅಡುಗೆಮನೆ ಶೇಂಗಾ ಎಣ್ಣೆ! ಕೇಳಿದ್ರೆ ವಾದ ರೆಡಿ: “ಗಾಣದ ಮರ ನೋಡಿ, ಶೇಂಗಾ ಎಣ್ಣೆ ಕುಡಿದೂ ಕುಡಿದೂ ಎಷ್ಟು ವರ್ಷ ಬಾಳುತ್ತೆ!”

ಗಾಣದ ಮರಕ್ಕೆ ದಿನಾ ಎಣ್ಣೆ ಸ್ನಾನ, ಜೊತೆಗೆ ಸೂರಿನ ಕೆಳಗೆ ವಾಸ. ನಿಮ್ಮ ಬಾಗಿಲಿಗೆ ಯುಗಾದಿಗೊಂದು ಸಲ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಎರಡೂ ಒಣಗೋ ಜಾತಿಯಲ್ಲ. ಹಚ್ಚಿದ ದಿನ ಮಿರಿಮಿರಿ, ವಾರಕ್ಕೆ ಜಿಗಿಜಿಗಿ, ತಿಂಗಳಿಗೆ ಹೈವೇ ಧೂಳೆಲ್ಲ ನಿಮ್ಮ ಬಾಗಿಲ ಮೇಲೆ. ಬೇಸಿಗೆಗೆ ಕಮಟು ವಾಸನೆ ಫ್ರೀ. ಹೊಂಗೆ ಎಣ್ಣೆ ಕಹಿ, ಅದರಲ್ಲಿರೋ ಕರಂಜಿನ್‌ಗೆ ಹುಳ ಹೆದರುತ್ತೆ, ಅದು ನಿಜ. ಆದರೆ ಅದೂ ಒಣಗಿ ಪದರ ಆಗಲ್ಲ, ಜೋರು ಮಳೆಗೆ ತೊಳ್ಕೊಂಡು ಹೋಗುತ್ತೆ.

ಒಣಗೋ ಎಣ್ಣೆ ಅಂದ್ರೆ ಅಗಸೆ. ಗಾಳಿಯ ಆಮ್ಲಜನಕ ಹೀರ್ಕೊಂಡು ಗಟ್ಟಿಯಾಗುತ್ತೆ, ಮರದೊಳಗೇ ಕೂರುತ್ತೆ. ಹಾರ್ಡ್‌ವೇರ್ ಅಂಗಡೀಲಿ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಅಂತ ಕೇಳಿ, ಕೊಡ್ತಾರೆ. ಮೊದಲ ಕೋಟಿಗೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮಾಡಿ, ಮರ ಕುಡಿದಷ್ಟು ಕುಡಿಸಿ, ಅರ್ಧ ಗಂಟೆ ಬಿಟ್ಟು ಮೇಲುಳಿದಿದ್ದನ್ನ ಒರೆಸಿ. ಈ ಒರೆಸೋ ಕೆಲಸ ನೀವು ಮಾಡಲ್ಲ ಅಂತ ನನಗೆ ಗೊತ್ತು. ‘ಜಾಸ್ತಿ ಇದ್ರೆ ಒಳ್ಳೇದಲ್ವಾ’ ಅಂತೀರಿ. ಒಳ್ಳೇದಲ್ಲ, ಅಂಟುತ್ತೆ.

ಒರೆಸಿದ ಬಟ್ಟೆ ಬಗ್ಗೆ ಮಾತ್ರ ತಮಾಷೆ ಇಲ್ಲ, ಕಿವಿಗೊಟ್ಟು ಕೇಳಿ. ಅಗಸೆ ಎಣ್ಣೆ ಒಣಗೋವಾಗ ಬಿಸಿ ಹುಟ್ಟುತ್ತೆ. ಬಟ್ಟೆ ಮುದುರಿ ಮೂಲೆಗೆಸೆದ್ರೆ ಆ ಬಿಸಿ ಒಳಗೇ ಕೂತು, ಕಡ್ಡಿ ಗೀರದೇ ತಾನಾಗಿ ಹೊತ್ಕೊಳ್ಳುತ್ತೆ. ನಮ್ಮ ಏಪ್ರಿಲ್ ತಿಂಗಳಲ್ಲಂತೂ ಕೇಳೋದೇ ಬೇಡ. ಬಿಚ್ಚಿ ಹರಡಿ ಬಯಲಲ್ಲಿ ಒಣಗಿಸಿ, ಇಲ್ಲಾ ನೀರಲ್ಲಿ ಅದ್ದಿಡಿ.

ಪಾಲಿಶ್ ಬೇಕೇ ಬೇಕು ಅಂದವರಿಗೆ ಒಂದು ಕಿವಿಮಾತು. ಪೇಂಟರ್ ಮೆಲಮೈನ್ ಅಂದ್ರೆ ‘ಹೊರಗಡೆಗಾ?’ ಅಂತ ಹುಬ್ಬೇರಿಸಿ. ಅದು ಮನೆಯೊಳಗಿನ ಸರಕು, ಬಿಸಿಲಿಗಿಟ್ರೆ ಹಳದಿ ತಿರುಗಿ ಸೀಳುತ್ತೆ. ಫ್ರೆಂಚ್ ಪಾಲಿಶ್ ಅರಗಿಂದ ಆಗಿದ್ದು, ನೀರು ಬಿದ್ರೆ ಬೆಳ್ಳಗಾಗುತ್ತೆ. ಹೊರಗಡೆಗೆ ಎಕ್ಸ್‌ಟೀರಿಯರ್ ಪಿಯು, ಡಬ್ಬದ ಮೇಲೆ ಎಕ್ಸ್‌ಟೀರಿಯರ್ ಅಂತ ಓದ್ಕೊಂಡೇ ತಗೊಳ್ಳಿ. (ಡಬ್ಬದ ಮೇಲೆ ನೀವು ಓದೋದು ಎಂಆರ್‌ಪಿ ಒಂದೇ, ಅದೂ ಚೌಕಾಸಿಗೆ.)

ಪಾಲಿಶ್ ಕಾಪಾಡೋಕೆ ಅಂತ ಕೆಲವರು ಇನ್ನೊಂದು ಮಾಡ್ತಾರೆ. ಬಾಗಿಲಿಗೆ ಸುತ್ತಿ ಬಂದ ಪ್ಲಾಸ್ಟಿಕ್ ಕವರ್ ಬಿಚ್ಚೋದೇ ಇಲ್ಲ! ಮಗನ ಮದುವೆ ಆಗ್ಲಿ, ಮಗಳ ಬಾಣಂತನ ಮುಗೀಲಿ. ಮಕ್ಕಳು ಚೂರು ಚೂರೇ ಕಿತ್ತು ಗಜಲಕ್ಷ್ಮಿಯ ಮುಖ ಮಾತ್ರ ಹೊರಗೆ ಬಂದಿರುತ್ತೆ. ತೊಳೆದ ನೀರು ಕವರ್ ಒಳಗೆ ಇಳಿಯುತ್ತೆ, ಆವಿಯಾಗಿ ಹೋಗೋಕೆ ದಾರಿ ಇಲ್ಲ, ಒಳಗೇ ಬೂಷ್ಟು.

ಮತ್ತೆ ಆ ಮೊಳೆಗಳು! ಯುಗಾದಿ ತೋರಣಕ್ಕೊಂದು ಮೊಳೆ, ದೀಪಾವಳಿ ಸೀರಿಯಲ್ ಸೆಟ್ಟಿಗೊಂದು, ದೃಷ್ಟಿಗೆ ನಿಂಬೆಹಣ್ಣು-ಮೆಣಸಿನಕಾಯಿ ನೇತಾಕೋಕೊಂದು. ಹಳೇ ಮೊಳೆ ಪಕ್ಕದಲ್ಲೇ ಇದ್ರೂ ಹೊಸ ಹಬ್ಬಕ್ಕೆ ಹ್ಯಾಗ್ರೀ ಹಳೇ ಮೊಳೆ? ಪ್ರತಿ ತೂತೂ ನೀರಿಗೊಂದು ಬಾಗಿಲು. ಸಾಲದ್ದಕ್ಕೆ ಕಬ್ಬಿಣ ಮರದ ಟ್ಯಾನಿನ್ ಜೊತೆ ಸೇರಿ ಕಪ್ಪು ಕಲೆ ಇಳಿಸುತ್ತೆ. ಎರಡು ಸ್ಟೀಲ್ ಕೊಕ್ಕೆ ಹಾಕಿಸಿ, ತೂತಿಗೆ ಮೇಣ ತುಂಬಿ. ಗ್ಯಾಸ್ ಏಜೆನ್ಸಿ ಸ್ಟಿಕ್ಕರು, ಎಲೆಕ್ಷನ್ ಸ್ಟಿಕ್ಕರು, ಪೋಲಿಯೋದವರ ಸೀಮೆಸುಣ್ಣ ಇವೆಲ್ಲ ಬೇಕಾದ್ರೆ ಇರಲಿ, ಇತಿಹಾಸ.

ಬೆಂಗಳೂರಿಂದ ವೀಕೆಂಡ್ ಬರೋ ಫಾರ್ಮ್‌ಹೌಸ್ ಬಂಧುಗಳೇ, ಕೊರಟಗೆರೆ ಕಡೆ ಜಾಗ ತಗೊಂಡವರೇ, ನಗ್ತಾ ಕೂತಿದ್ದೀರಾ? ಆನ್‌ಲೈನಲ್ಲಿ ತರಿಸಿ ಮರದ ಕೆಳಗೆ ಹಾಕಿದ್ದೀರಲ್ಲ ಬೆಂಚು, ಅದು ರಬ್ಬರ್ ವುಡ್. ಒಳ್ಳೇ ಮರ, ಡೈನಿಂಗ್ ಹಾಲಿನಲ್ಲಿ. ಬಯಲಿಗೆ ಹಾಕಿದ್ರೆ ಶಿಲೀಂಧ್ರಕ್ಕೂ ಹುಳಕ್ಕೂ ಕೈಬೀಸಿ ಕರೆಯುತ್ತೆ. ಅದರ ಪಕ್ಕ ತೂಗುಹಾಕಿದ ಉಯ್ಯಾಲೆಯ ವಿಷ್ಯ ಕೋತಿಗಳು ನೋಡ್ಕೊಳ್ತವೆ, ಬಿಡಿ. ಬೆಂಚಿಗೆ ಮಾಡೋಕೆ ಸಾಧ್ಯ ಇರೋದು ಒಂದೇ, ನಾಲ್ಕು ಕಾಲಿನ ತುದಿಗೂ ಸೀಲರ್ ಕುಡಿಸಿ ಕಲ್ಲಿನ ಮೇಲೆ ನಿಲ್ಲಿಸಿ. ನೀವು ಸೆಲ್ಫಿಯಲ್ಲಿ ಕಾಲು ಕಾಣಲ್ಲ ಅಂತ ಅಷ್ಟನ್ನೇ ಬಿಡ್ತೀರಿ.

ಕೆಲಸ ಶುರು ಮಾಡೋಕೆ ಮುಂಚೆ ಸುಲಭದ ಪರೀಕ್ಷೆ ಇದೆ. ನಾಲ್ಕು ಹನಿ ನೀರು ಮರದ ಮೇಲೆ ಚಿಮುಕಿಸಿ. ಮುತ್ತಾಗಿ ನಿಂತ್ರೆ ಈ ವರ್ಷ ಹಾಯಾಗಿ ಮಲಗಿ. ಮರ ಕುಡಿದು ಕಪ್ಪಾದ್ರೆ ಏಳಿ. ಏಳೋದು ಅಂದ್ರೆ ಇವತ್ತಲ್ಲ ಅಂತ ನೀವು ಅಂದ್ಕೊಂಡಿದ್ದು ನನಗೆ ಕೇಳಿಸ್ತು! ಹಬ್ಬ ಕಳೀಲಿ, ಶೇಂಗಾ ಕಿತ್ತಾಗ್ಲಿ, ರಾಗಿ ಕಣ ಮುಗೀಲಿ. ಸರಿ, ಅಷ್ಟು ಹೊತ್ತಿಗೆ ಸಂಕ್ರಾಂತಿ ಬರುತ್ತೆ, ಸೋಜಿಗ ಅಂದ್ರೆ ಅದೇ ಸರಿಯಾದ ಕಾಲ. ಮಳೆಯ ತೇವ ಆರಿರುತ್ತೆ, ಬಿಸಿಲು ಇನ್ನೂ ಏರಿರಲ್ಲ. ನಿಮ್ಮ ಸೋಮಾರಿತನಕ್ಕೂ ಒಂದು ಪಂಚಾಂಗ ಇದೆ ನೋಡಿ.

ಯುಗಾದಿ ದಾಟಿಸಿದ್ರೆ ಮಾತ್ರ ಕೆಟ್ರಿ. ಮಧ್ಯಾಹ್ನದ ಕಾದ ಮರಕ್ಕೆ ಬ್ರಷ್ ಇಟ್ರೆ ತಿನ್ನರ್ ಹಾರಿ ಗುಳ್ಳೆ ಏಳುತ್ತೆ, ಬ್ರಷ್ ಗೆರೆ ಹಾಗೇ ನಿಲ್ಲುತ್ತೆ. ಬೆಳಿಗ್ಗೆ ನೆರಳಿದ್ದಾಗ ಮಾಡಿ. ಹಪ್ಪಳ ಎದ್ದಿದ್ದನ್ನ ಸ್ಯಾಂಡ್‌ಪೇಪರಲ್ಲಿ ಗ್ರೈನ್ ಉದ್ದಕ್ಕೇ ಉಜ್ಜಿ, ಧೂಳು ಒರೆಸಿ, ತೆಳ್ಳಗೆ ಒಂದು ಕೋಟು, ಒಣಗಿದ ಮೇಲೆ ಇನ್ನೊಂದು. ಪೇಂಟರ್ ಮಾಡೋದಾದ್ರೆ ಎದುರಿಗೆ ಕುರ್ಚಿ ಹಾಕ್ಕೊಂಡು ಕೂರಿ. ಬಾಗಿಲನ್ನ ಕೀಲಿಂದ ಇಳಿಸಿ ಅಡ್ಡ ಮಲಗಿಸಿ, ನೆತ್ತಿಗೂ ಪಾದಕ್ಕೂ ಮೊದಲು ಬಳಿಸಿ. ಗಜಲಕ್ಷ್ಮಿ ಆಮೇಲೆ. “ಅಲ್ಲೆಲ್ಲ ಯಾರು ನೋಡ್ತಾರೆ ಸಾರ್?” ಅಂತ ಅವನು ಕೇಳೇ ಕೇಳ್ತಾನೆ. ನೀವು ಒಪ್ಕೊಂಡು ತಲೆ ಆಡಿಸದೇ ಇದ್ರೆ ಸಾಕು.

ಕೊನೆಗೆ ಕಾಲು ಡಬ್ಬ ಉಳಿಯುತ್ತೆ. ಅದನ್ನ ಮೆಟ್ಟಿಲ ಕೆಳಗೆ, ಗೃಹಪ್ರವೇಶದಲ್ಲಿ ಉಳಿದ ಮೂರು ಡಬ್ಬದ ಪಕ್ಕ ಇಡ್ತೀರಿ, ‘ಮುಂದಿನ ವರ್ಷಕ್ಕಾಗುತ್ತೆ’ ಅಂತ. ಆ ಮೂರರಲ್ಲೂ ಮೇಲೆ ಕೆನೆಗಟ್ಟಿ ಕೆಳಗೆ ಕಲ್ಲಾಗಿದೆ, ಬೇಕಾದ್ರೆ ತೆಗೆದು ನೋಡಿ. ಇಡಬೇಡಿ ಸ್ವಾಮಿ. ಈಗಲೇ ಹೋಗಿ ಹಿತ್ತಲ ಬಾಗಿಲಿನ ಬುಡಕ್ಕೆ ಬಳಿದುಬಿಡಿ. ಹಿತ್ತಲಿಗೂ ಒಂದು ಬಾಗಿಲಿದೆ ಅಂತ ನೆನಪಿದೆ ತಾನೇ?